ಬಯಲೇ ರಂಗ, ಬೆಳದಿಂಗಳೇ ದೀಪ

ಬೇಸಿಗೆ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಒಂದು ನೀರಿನದು, ಇನ್ನೊಂದು ಮಕ್ಕಳದು. ಶಾಲೆಗೆ ರಜೆ ದೊರೆತ ಮಕ್ಕಳು ಹಗಲೆಲ್ಲ ಬಿಸಿಲಿಗೆ ಅಂಜಿ ಮನೆಯೊಳಗೆ ಕುಳಿತು ಪರದೆಯ ಮುಂದೆ ಕಾಲ ಕಳೆಯುತ್ತಾರೆ. ಸಂಜೆ ತಂಪಾದ ಮೇಲೂ ಹೊರಗೆ ಹೋಗಲು ಅವರಿಗೆ ಮನಸ್ಸಿರುವುದಿಲ್ಲ. ಹಿರಿಯರಿಗೂ ಅಷ್ಟೆ. ಇಡೀ ಸಂಸಾರ ಒಂದೆಡೆ ಕುಳಿತು, ಒಂದನ್ನೇ ನೋಡಿ, ಒಟ್ಟಿಗೆ ನಕ್ಕು, ಒಟ್ಟಿಗೆ ಕಣ್ಣೊರೆಸಿಕೊಳ್ಳುವ ಸಂದರ್ಭಗಳು ವಿರಳವಾಗುತ್ತಿವೆ. ಇಂಥ ಕಾಲದಲ್ಲಿ ಬಯಲಿನಲ್ಲಿ ನಡೆಯುವ ನಾಟಕ, ಅದರಲ್ಲಿಯೂ ಹಣ ತೆರದೆ ನೋಡಬಹುದಾದ ನಾಟಕ, ಎಂಥ ದೊಡ್ಡ ಸಂಪತ್ತು ಎಂಬುದನ್ನು ನಾವು ಮರೆತಿದ್ದೇವೆ. ಅದನ್ನು ನೆನಪಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಇಲವಾಲವನ್ನು ಬಲ್ಲವರಿಗೆ ಈ ಮಾತು ಇನ್ನಷ್ಟು ಚೆನ್ನಾಗಿ ಅರ್ಥವಾದೀತು. ಇದು ಇತಿಹಾಸದಲ್ಲಿ ಹೆಸರು ಪಡೆದ ಊರು. 1957ರ ಸೆಪ್ಟೆಂಬರ್ 21 ಮತ್ತು 22ರಂದು ಆಚಾರ್ಯ ವಿನೋಬಾ ಭಾವೆಯವರ ಸಾನ್ನಿಧ್ಯದಲ್ಲಿ ಗ್ರಾಮದಾನ ಸಮ್ಮೇಳನ ಸೇರಿದ್ದು ಇಲ್ಲಿಯೇ. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರೂ ಪ್ರಧಾನಿ ಜವಾಹರಲಾಲ್ ನೆಹರೂ ಅವರೂ ಅದರಲ್ಲಿ ಭಾಗವಹಿಸಿದ್ದರು. ನೆಲ ಒಬ್ಬನದಲ್ಲ, ಊರಿನದು ಎಂಬ ಮಾತನ್ನು ದೇಶದ ಹಿರಿಯರೆಲ್ಲ ಕುಳಿತು ಚಿಂತಿಸಿದ ಆ ಊರಿನ ಸುತ್ತಮುತ್ತ ಇಂದು ನಗರ ಬೆಳೆಯುತ್ತ ಬಂದಿದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಡಾವಣೆಗಳು ಎದ್ದಿವೆ. ಕಣಗಳಿದ್ದ ಜಾಗದಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ಕಣ ಹೋದುದರೊಡನೆ ಒಕ್ಕಣೆ ಮಾತ್ರ ಹೋಗಲಿಲ್ಲ. ಒಕ್ಕಣೆ ಮುಗಿದ ಮೇಲೆ ಅದೇ ಕಣದಲ್ಲಿ ನಡೆಯುತ್ತಿದ್ದ ಆಟವೂ ಹೋಯಿತು.

ಬೇಸಿಗೆಯೇ ಏಕೆ?

ನಮ್ಮ ನಾಡಿನಲ್ಲಿ ಬಯಲಾಟಕ್ಕೂ ಬೇಸಿಗೆಗೂ ಇರುವ ನಂಟು ಆಕಸ್ಮಿಕವಾದುದಲ್ಲ. ಸಂಕ್ರಾಂತಿಯ ವೇಳೆಗೆ ಸುಗ್ಗಿ ಮುಗಿಯುತ್ತದೆ. ಕಾಳು ಕಣಜ ಸೇರುತ್ತದೆ. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಮನಸ್ಸಿಗೂ ಬಿಡುವು ಸಿಗುತ್ತದೆ. ಗಟ್ಟಿಯಾಗಿ ಸಾರಿಸಿ ಬಳಿದ ಕಣ ಖಾಲಿಯಾಗಿರುತ್ತದೆ. ಮೋಡವಿಲ್ಲದ ಆಕಾಶದಲ್ಲಿ ಬೆಳದಿಂಗಳು ಹಾಲು ಚೆಲ್ಲಿದಂತೆ ಹರಡಿರುತ್ತದೆ. ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳು ಹನಿಯುವವರೆಗೆ ಆಟಕ್ಕೆ ಅಡ್ಡಿಯಿಲ್ಲ. ಮುಂಗಾರು ಹಿಡಿದರೆ ಮತ್ತೆ ನೇಗಿಲು ಹಿಡಿಯಬೇಕು. ಹೀಗೆ ಬೇಸಾಯದ ವರ್ಷಚಕ್ರವೇ ನಾಟಕಕ್ಕೂ ಪಂಚಾಂಗವಾಗಿತ್ತು.

ಕರಾವಳಿಯಲ್ಲಿಯೂ ಇದೇ ಕ್ರಮ. ಅಲ್ಲಿಯ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಸುಮಾರಿಗೆ ಗೆಜ್ಜೆ ಬಿಚ್ಚುತ್ತವೆ. ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟಗಳೂ ನಮ್ಮ ಬಯಲುಸೀಮೆಯ ಮೂಡಲಪಾಯವೂ ಜಾತ್ರೆ ಹಬ್ಬಗಳನ್ನೂ ಬಿಡುವಿನ ದಿನಗಳನ್ನೂ ಅನುಸರಿಸಿಯೇ ಬೆಳೆದವು.

ರಾತ್ರಿಯಿಡೀ ಆಟ ನಡೆಯುತ್ತಿದ್ದುದಕ್ಕೂ ಕಾರಣವಿದೆ. ಹತ್ತೂರಿನ ಜನ ನಡೆದು ಬರುತ್ತಿದ್ದರು. ನಡುರಾತ್ರಿಯಲ್ಲಿ ಆಟ ಮುಗಿದರೆ ಹಳ್ಳಕೊಳ್ಳ ದಾಟಿ, ಹಾವು ಚೇಳುಗಳ ಭಯದಲ್ಲಿ ಹೆಂಗಸರು ಮಕ್ಕಳು ಊರು ಸೇರುವುದು ಹೇಗೆ? ಬೆಳಕು ಹರಿಯುವವರೆಗೆ ಕಥೆ ಎಳೆದು, ಮಂಗಳ ಹಾಡಿ, ಮೂಡಣ ಕೆಂಪೇರಿದಾಗ ಎಲ್ಲರನ್ನೂ ಬೀಳ್ಕೊಡುವುದು ಆತಿಥ್ಯದ ಒಂದು ಅಂಗವೇ ಆಗಿತ್ತು.

ಬಯಲಿನ ಗುಣ

ನಾಲ್ಕು ಗೋಡೆಗಳ ರಂಗಮಂದಿರಕ್ಕೂ ಬಯಲಿಗೂ ಇರುವ ವ್ಯತ್ಯಾಸ ಬರಿಯ ಸೂರಿನದಲ್ಲ. ಬಯಲಿನಲ್ಲಿ ನಟನ ದೇಹ, ಕಂಠ, ವೇಷ ಎಲ್ಲವೂ ಬೇರೆಯಾಗಬೇಕಾಗುತ್ತದೆ. ಪಂಜಿನ ಬೆಳಕಿನಲ್ಲಿ, ನೂರು ಮಾರು ದೂರದಲ್ಲಿ ಕುಳಿತ ಅಜ್ಜಿಗೂ ಪಾತ್ರ ಯಾವುದೆಂದು ತಿಳಿಯಬೇಕು. ಆದುದರಿಂದಲೇ ಬಯಲಾಟದ ಕಿರೀಟಗಳು ಅಷ್ಟು ದೊಡ್ಡವು, ಭುಜಕೀರ್ತಿಗಳು ಅಷ್ಟು ಅಗಲ, ಮುಖವರ್ಣಿಕೆ ಅಷ್ಟು ಗಾಢ. ಮುಖವೀಣೆಯ ತೀಕ್ಷ್ಣವಾದ ನಾದ, ಚೆಂಡೆ ಮದ್ದಳೆಗಳ ಪೆಟ್ಟು ಊರಿನಾಚೆಗೂ ಕೇಳಿ ಜನರನ್ನು ಕರೆಯುತ್ತಿದ್ದವು.

ಸಂಜೆಯ ಮೇಲೆ ದನಿ ದೂರ ಹೋಗುತ್ತದೆಂಬುದು ಹಳ್ಳಿಯ ಜನರೆಲ್ಲರ ಅನುಭವ. ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಹಗಲು ಕಾದ ನೆಲ ಸೂರ್ಯಾಸ್ತದ ನಂತರ ಬೇಗ ತಣಿಯುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ತಂಪು ಗಾಳಿಯಲ್ಲಿ ಶಬ್ದದ ವೇಗ ಕಡಿಮೆ, ಬಿಸಿ ಗಾಳಿಯಲ್ಲಿ ಹೆಚ್ಚು. ಆದ್ದರಿಂದ ಮೇಲಕ್ಕೆ ಹೋಗಬೇಕಾದ ದನಿ ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಹಗಲಿನಲ್ಲಿ ಆಕಾಶಕ್ಕೆ ಹಾರಿಹೋಗುವ ಮಾತು ರಾತ್ರಿ ಕೇಳುವವರ ಕಿವಿಯನ್ನು ಹುಡುಕಿಕೊಂಡು ಬರುತ್ತದೆ ಎನ್ನಬಹುದು.

ಗ್ರೀಕರು ಇದನ್ನೇ ಶಿಲ್ಪವಾಗಿ ಕಂಡರಿಸಿದರು. ಗುಡ್ಡದ ಇಳಿಜಾರನ್ನು ಆರಿಸಿ, ಅರ್ಧಚಂದ್ರಾಕಾರದಲ್ಲಿ ಕಲ್ಲಿನ ಮೆಟ್ಟಿಲುಗಳನ್ನು ಜೋಡಿಸಿ, ಕೆಳಗಿನ ವೃತ್ತದಲ್ಲಿ ನಾಟಕವಾಡಿದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಎಪಿಡಾರಸ್ ರಂಗಮಂದಿರ ಇಂದಿಗೂ ನಿಂತಿದೆ. ಬೇಸಿಗೆಯಲ್ಲಿ ಅಲ್ಲಿ ನಾಟಕಗಳು ಇಂದಿಗೂ ನಡೆಯುತ್ತವೆ. ನಮ್ಮ ಅನೇಕ ವಿಶ್ವವಿದ್ಯಾಲಯಗಳ ಬಯಲು ರಂಗಮಂದಿರಗಳು ಈ ಮಾದರಿಯ ದೂರದ ಮೊಮ್ಮಕ್ಕಳು.

‘ಉಚಿತ’ ಎಂದರೆ ಯಾರ ಖರ್ಚು?

ನಮ್ಮ ಹಿರಿಯರಿಗೆ ‘ಬಿಟ್ಟಿ’ ಎಂಬ ಮಾತು ರುಚಿಸುತ್ತಿರಲಿಲ್ಲ. ಬಿಟ್ಟಿ ಪಡೆಯುವುದೂ ಬಿಟ್ಟಿ ದುಡಿಸಿಕೊಳ್ಳುವುದೂ ಕಾಯಕಜೀವಿಗಳಾದ ಶರಣರ ಮಾರ್ಗವಲ್ಲ. ಹಾಗಾದರೆ ಹಣ ಕೊಡದೆ ನಾಟಕ ನೋಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ, ಅದು ಬಿಟ್ಟಿಯಲ್ಲ, ದಾಸೋಹ ಎಂದು ಉತ್ತರಿಸಬೇಕಾಗುತ್ತದೆ. ದಾಸೋಹದಲ್ಲಿ ಉಣ್ಣುವವನು ಹಣ ಕೊಡುವುದಿಲ್ಲ ನಿಜ. ಆದರೆ ಎಲ್ಲಿಯೋ ಯಾರೋ ಬೆವರು ಸುರಿಸಿ ದುಡಿದ ಅಕ್ಕಿ ಬೇಳೆ ಆ ಪಾತ್ರೆಯಲ್ಲಿ ಬೆಂದಿರುತ್ತದೆ. ನಾಟಕವೂ ಹಾಗೆಯೇ. ನೋಡುವವನಿಗೆ ಉಚಿತವಾದ ಪ್ರತಿಯೊಂದು ನಾಟಕದ ಹಿಂದೆಯೂ ಖರ್ಚು ಹೊತ್ತವರು ಇದ್ದಾರೆ.

ಹೊರುವ ಬಗೆ ಮಾತ್ರ ಊರಿಂದೂರಿಗೆ ಬೇರೆ. ಕರಾವಳಿಯಲ್ಲಿ ಹರಕೆ ಹೊತ್ತವನು ತನ್ನ ಖರ್ಚಿನಿಂದ ಆಟ ಆಡಿಸುತ್ತಾನೆ. ನೋಡಲು ಊರಿಗೆಲ್ಲ ಮುಕ್ತ ಅವಕಾಶ. ಕಟೀಲು, ಮಂದಾರ್ತಿಗಳಂಥ ಕ್ಷೇತ್ರಗಳ ಮೇಳಗಳಿಗೆ ಹರಕೆಯಾಟಗಳು ಹಲವು ವರ್ಷ ಮುಂಚಿತವಾಗಿಯೇ ಗೊತ್ತಾಗಿರುತ್ತವೆ. ನಮ್ಮ ಮೈಸೂರು, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಇನ್ನೂ ವಿಚಿತ್ರವಾದ ಪದ್ಧತಿಯುಂಟು. ಅಲ್ಲಿ ನಟನೇ ಹಣ ತೆತ್ತು ಪಾತ್ರ ಪಡೆಯುತ್ತಾನೆ! ಕುರುಕ್ಷೇತ್ರ ನಾಟಕದ ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು ಹಣ; ಸಣ್ಣ ಪಾತ್ರಗಳಿಗೆ ಕಡಿಮೆ. ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದ, ವೃತ್ತಗಳನ್ನು ಕಲಿತು, ಸೀನರಿಗೆ, ದೀಪಕ್ಕೆ, ಉಡುಪಿಗೆ ತನ್ನ ಪಾಲು ಕೊಟ್ಟು, ಒಂದು ರಾತ್ರಿ ಅರಸನಾಗಿ ಮೆರೆಯುತ್ತಾನೆ. ಹಗಲು ನೇಗಿಲು ಹಿಡಿಯುವ ಕೈ ರಾತ್ರಿ ಗದೆ ಹಿಡಿಯುತ್ತದೆ. ಜಗತ್ತಿನ ಯಾವ ನಾಟಕಶಾಲೆಯೂ ಈ ಶ್ರದ್ಧೆಗೆ ನಮಸ್ಕರಿಸಬೇಕು.

ಪ್ರಾಚೀನ ಅಥೆನ್ಸ್ ನಗರದಲ್ಲಿ ಬಡ ಪ್ರಜೆ ನಾಟಕದಿಂದ ವಂಚಿತನಾಗಬಾರದೆಂದು ನಗರದ ಬೊಕ್ಕಸದಿಂದಲೇ ಪ್ರವೇಶದ ಹಣ ಕೊಡುವ ಏರ್ಪಾಡಿತ್ತು. ಅಂದರೆ ನಾಟಕ ನೋಡುವುದು ಅಲ್ಲಿ ಭೋಗವಾಗಿರಲಿಲ್ಲ, ನಾಗರಿಕನ ಹಕ್ಕಾಗಿತ್ತು.

ಇದೇ ವಿಚಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗವೊಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ಜೋಸೆಫ್ ಪ್ಯಾಪ್ ಎಂಬ ರಂಗಕರ್ಮಿ ಅಲ್ಲಿಯ ಸೆಂಟ್ರಲ್ ಪಾರ್ಕಿನಲ್ಲಿ ಬೇಸಿಗೆಯ ಸಂಜೆಗಳಂದು ಶೇಕ್ಸ್‌ಪಿಯರನ ನಾಟಕಗಳನ್ನು ಜನರಿಗೆ ಉಚಿತವಾಗಿ ತೋರಿಸುತ್ತಿದ್ದರು. ಜನ ತುಳಿದು ಹುಲ್ಲು ಹಾಳಾಗುತ್ತದೆ, ಅದರ ವೆಚ್ಚಕ್ಕಾಗಿ ಟಿಕೆಟ್ ಇಡಬೇಕೆಂದು 1959ರಲ್ಲಿ ಉದ್ಯಾನಗಳ ಅಧಿಕಾರಿ ರಾಬರ್ಟ್ ಮೋಸಸ್ ಪಟ್ಟು ಹಿಡಿದರು. ಟಿಕೆಟ್ ಇಟ್ಟ ಕ್ಷಣವೇ ಬಡವನಿಗೆ ಬಾಗಿಲು ಮುಚ್ಚಿದಂತೆ ಎಂಬ ನಿಲುವಿನಿಂದ ಪ್ಯಾಪ್ ಒಪ್ಪಲಿಲ್ಲ. ವ್ಯಾಜ್ಯ ಮೇಲಿನ ನ್ಯಾಯಾಲಯದವರೆಗೆ ಹೋಗಿ ಅಧಿಕಾರಿಯ ಷರತ್ತು ಬಿದ್ದುಹೋಯಿತು. 1962ರಲ್ಲಿ ಅದೇ ಉದ್ಯಾನದಲ್ಲಿ ಡೆಲಕೋರ್ಟ್ ಎಂಬ ಬಯಲು ರಂಗಮಂದಿರವೇ ಎದ್ದಿತು. ಹುಲ್ಲು ಮುಖ್ಯವೋ ಮನುಷ್ಯ ಮುಖ್ಯವೋ ಎಂಬ ಪ್ರಶ್ನೆಗೆ ಆ ನಗರ ಕೊಟ್ಟ ಉತ್ತರ ನಮಗೂ ಮಾದರಿಯಾಗಬಲ್ಲದು.

ಶರಣರ ಸಂಗದಲ್ಲಿ ವೇಷಧಾರಿಗಳು

ನಾಟಕ, ವೇಷ, ಹಾಸ್ಯ ಎಂದರೆ ಭಕ್ತರಾದವರಿಗೆ ಒಗ್ಗದ ಲೌಕಿಕ ವಿಷಯ ಎಂದು ಕೆಲವು ಮನೆಗಳಲ್ಲಿ ಇಂದಿಗೂ ಮೂಗು ಮುರಿಯುವುದುಂಟು. ಅಂಥವರು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಒಮ್ಮೆ ನೆನೆಯಬೇಕು. ಅಲ್ಲಿ ಸೇರಿದ್ದ ಶರಣರಲ್ಲಿ ಬಹುರೂಪಿ ಚೌಡಯ್ಯ ಎಂಬಾತನಿದ್ದ. ಬಗೆಬಗೆಯ ವೇಷ ಧರಿಸಿ ಜನರೆದುರು ಆಡುವುದೇ ಅವನ ಕಾಯಕ. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ಅಂಬಿಗನ, ಮಾದಾರನ, ಮಡಿವಾಳನ ಕಾಯಕಗಳಿಗೆ ಯಾವ ಗೌರವ ಸಂದಿತೋ ಅದೇ ಗೌರವ ವೇಷಧಾರಿಗೂ ಹಾಸ್ಯಗಾರನಿಗೂ ಸಂದಿತು. ಅವರ ವಚನಗಳು ನಮ್ಮ ಸಂಪುಟಗಳಲ್ಲಿ ಉಳಿದು ಬಂದಿವೆ. ಕಲೆಯನ್ನು ಕಾಯಕವೆಂದು ಒಪ್ಪಿದ ಪರಂಪರೆಗೆ ಸೇರಿದವರು ನಾವು.

ಆ ಮುಂದೆಯೂ ನಾಟಕರಂಗಕ್ಕೆ ನಮ್ಮ ಸಮಾಜದ ಕಾಣಿಕೆ ಸಣ್ಣದಲ್ಲ. ಮೈಸೂರಿನ ಆಸ್ಥಾನದಲ್ಲಿ ಬೆಳಗಿದ ಬಸವಪ್ಪಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಶೇಕ್ಸ್‌ಪಿಯರನ ಒಥೆಲೊ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡದ ರಂಗಕ್ಕೆ ತಂದರು. ಗುಬ್ಬಿ ವೀರಣ್ಣನವರು ಹಳ್ಳಿಯ ಕಂಪನಿಯೊಂದನ್ನು ನಾಡೆಲ್ಲ ಕೊಂಡಾಡುವಂತೆ ಬೆಳೆಸಿದರು. 1930ರ ದಶಕದಲ್ಲಿ ಅವರ ಕಂಪನಿಯ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದುದು ಕಥೆಯಾಗಿ ಉಳಿದಿದೆ. ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರದಿಂದ ಉತ್ತರ ಕರ್ನಾಟಕದ ಮನೆಮನೆಯಲ್ಲಿ ನೆಲೆಸಿದರು. ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಪೀಠದಲ್ಲಿದ್ದುಕೊಂಡೇ ‘ಮರಣವೇ ಮಹಾನವಮಿ’ಯಂಥ ನಾಟಕವನ್ನು ರಚಿಸಿದರು.

ಆ ಬೀಜವೇ ಸಾಣೇಹಳ್ಳಿಯಲ್ಲಿ ಮರವಾಯಿತು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಆ ಪುಟ್ಟ ಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ರೆಪರ್ಟರಿಯನ್ನೂ ಕಟ್ಟಿದರು. ಗ್ರೀಕ್ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಅಲ್ಲಿಯ ಬಯಲು ರಂಗಮಂದಿರದಲ್ಲಿ ನವೆಂಬರಿನ ನಾಟಕೋತ್ಸವದ ದಿನಗಳಂದು ಸುತ್ತಲಿನ ಹಳ್ಳಿಗಳ ರೈತರು ಸಂಸಾರ ಸಮೇತ ಬಂದು ಕುಳಿತು ನಾಟಕ ನೋಡುವುದನ್ನು ಕಂಡವರು, ಹಳ್ಳಿಯವರಿಗೆ ಗಂಭೀರ ನಾಟಕ ಹಿಡಿಸುವುದಿಲ್ಲವೆಂಬ ಮಾತನ್ನು ಮತ್ತೆ ಆಡಲಾರರು. ಮೈಸೂರು ಸೀಮೆಯಲ್ಲಿ ಕಪಿಲೆಯ ತೀರದ ಸುತ್ತೂರಿನ ಜಾತ್ರೆಯೂ ಪುಷ್ಯ ಮಾಸದ ಚಳಿಯಲ್ಲಿ ಅನ್ನದಾಸೋಹದ ಜೊತೆಗೆ ನಾಟಕ, ಭಜನೆ, ಜನಪದ ಕಲೆಗಳ ದಾಸೋಹವನ್ನೂ ನಡೆಸುತ್ತ ಬಂದಿದೆ.

ವಿಶ್ವವಿದ್ಯಾಲಯದ ಅಂಗಳದಲ್ಲಿ

ವಿಶ್ವವಿದ್ಯಾಲಯಕ್ಕೂ ನಾಟಕಕ್ಕೂ ಏನು ಸಂಬಂಧ? ಮೈಸೂರಿನ ಮಟ್ಟಿಗಂತೂ ಅದು ತಾಯಿ ಮಕ್ಕಳ ಸಂಬಂಧ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರೇ ಹೊಸಗನ್ನಡದ ಅನೇಕ ಶ್ರೇಷ್ಠ ನಾಟಕಗಳನ್ನು ಬರೆದರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕಗಳ ಗಾಂಭೀರ್ಯವನ್ನು ‘ಅಶ್ವತ್ಥಾಮನ್’, ‘ಪಾರಸಿಕರು’ ಕೃತಿಗಳ ಮೂಲಕ ಕನ್ನಡಕ್ಕೆ ತಂದರು. ಕುವೆಂಪು ಅವರು 1928ರಲ್ಲಿಯೇ ‘ಜಲಗಾರ’ ನಾಟಕ ಬರೆದರು. ಊರೆಲ್ಲ ಗುಡಿಗೆ ಹೋಗಿರುವಾಗ ಬೀದಿ ಗುಡಿಸುತ್ತ ನಿಂತವನಿಗೆ ಶಿವನು ತಾನೂ ಜಲಗಾರನಾಗಿಯೇ ಕಾಣಿಸಿಕೊಳ್ಳುವ ಆ ಕಥೆ, ಕಾಯಕವೇ ಕೈಲಾಸವೆಂದು ನಂಬಿದ ನಮ್ಮ ಮನೆಗಳ ಮಕ್ಕಳೆಲ್ಲರೂ ರಂಗದ ಮೇಲೆ ಕಾಣಬೇಕಾದ ಕಥೆ.

ಅದೇ ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಕುಕ್ಕರಹಳ್ಳಿ ಕೆರೆಯ ಬದಿಯ ವಿಸ್ತಾರವಾದ ಜಾಗದಲ್ಲಿ ಹೊಸ ಆವರಣ ರೂಪುಗೊಂಡಿತು. ಅದಕ್ಕೆ ‘ಮಾನಸಗಂಗೋತ್ರಿ’ ಎಂಬ ಹೆಸರನ್ನಿಟ್ಟವರೂ ಅವರೇ. ಗಿಡಮರಗಳ ನಡುವಿನ ಆ ಆವರಣದಲ್ಲಿ ಇಂದು ದೊಡ್ಡದೊಂದು ಬಯಲು ರಂಗಮಂದಿರವಿದೆ. ದಸರೆಗೆ ಮುನ್ನ ನಡೆಯುವ ಯುವ ಸಂಭ್ರಮದಲ್ಲಿ ಹಲವು ಜಿಲ್ಲೆಗಳ ಕಾಲೇಜು ಮಕ್ಕಳು ಅಲ್ಲಿ ಹಾಡಿ ಕುಣಿಯುತ್ತಾರೆ; ಪ್ರವೇಶಕ್ಕೆ ಹಣವಿಲ್ಲ. ಆ ಸಂಜೆಗಳಲ್ಲಿ ಸೇರುವ ಜನಸಮೂಹವೇ ಸಾಕು, ಬಯಲು ರಂಗಕ್ಕೆ ಪ್ರೇಕ್ಷಕರಿಲ್ಲವೆಂಬ ಮಾತು ಸುಳ್ಳೆಂದು ತಿಳಿಯಲು.

ಇದು ಮೈಸೂರಿನ ವಿಶೇಷ ಮಾತ್ರವಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವವನ್ನೇ ‘ನುಡಿಹಬ್ಬ’ವೆಂದು ಕರೆದು ಬಯಲಿನಲ್ಲಿ ಆಚರಿಸುತ್ತ ಬಂದಿದೆ. ಅಮೆರಿಕದ ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1903ರಷ್ಟು ಹಿಂದೆಯೇ ಗ್ರೀಕ್ ಮಾದರಿಯ ಬಯಲು ರಂಗಮಂದಿರವನ್ನು ಪಡೆದಿತ್ತು. ವಿದ್ಯೆಯೆಂಬುದು ಕೊಠಡಿಯೊಳಗೆ ಪರೀಕ್ಷೆಗಾಗಿ ಓದುವುದಷ್ಟೇ ಅಲ್ಲ. ಊರಿನವರೊಡನೆ ಆಕಾಶದ ಕೆಳಗೆ ಕುಳಿತು ಮನುಷ್ಯನ ಸುಖದುಃಖಗಳನ್ನು ಕಾಣುವುದೂ ವಿದ್ಯೆಯೇ ಎಂಬ ನಂಬಿಕೆ ಇವುಗಳ ಹಿಂದಿದೆ.

ಮಾನಸಗಂಗೋತ್ರಿಗೆ ಅನತಿದೂರದಲ್ಲಿ, ಕುಕ್ಕರಹಳ್ಳಿ ಕೆರೆಯ ಇನ್ನೊಂದು ಬದಿಗೆ, ಹುಣಸೂರು ರಸ್ತೆಯ ಮೇಲೆ ಕಲಾಮಂದಿರವಿದೆ. ಅದೇ ಆವರಣದಲ್ಲಿ 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣವಿದೆ. ಅಲ್ಲಿಯ ‘ವನರಂಗ’ ಹೆಸರಿಗೆ ತಕ್ಕಂತೆ ಮರಗಳ ನಡುವಿನ ಬಯಲು ರಂಗ. ‘ಕಿಂದರಿಜೋಗಿ’ ಎಂಬ ಇನ್ನೊಂದು ತೆರೆದ ಆವರಣದಲ್ಲಿ ಬಹುರೂಪಿ ಉತ್ಸವದ ವೇಳೆ ಜನಪದ ಕಲಾವಿದರು ಆಡುತ್ತಾರೆ. ಚೌಡಯ್ಯನ ಹೆಸರಿನೊಡನೆ ಹೊಂದಿಕೊಂಡಿರುವ ‘ಬಹುರೂಪಿ’ ಎಂಬ ಮಾತು ಹೀಗೆ ಇಂದಿನ ಉತ್ಸವವೊಂದಕ್ಕೂ ಹೆಸರಾಗಿರುವುದು ಸಂತೋಷದ ಸಂಗತಿ. ಬೇಸಿಗೆ ರಜೆಯಲ್ಲಿ ಇದೇ ಆವರಣದಲ್ಲಿ ‘ಚಿಣ್ಣರ ಮೇಳ’ ನಡೆದು, ಮಕ್ಕಳು ತಾವೇ ನಾಟಕ ಕಲಿತು ಆಡುತ್ತಾರೆ.

2010ರಲ್ಲಿ ರಂಗಾಯಣ ಒಂದು ದೊಡ್ಡ ಸಾಹಸಕ್ಕೆ ಕೈಹಾಕಿತು. ಕುವೆಂಪು ಅವರ ಬೃಹತ್ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಕೆ. ವೈ. ನಾರಾಯಣಸ್ವಾಮಿಯವರ ಲೇಖನಿಯಿಂದ ನಾಟಕವಾಗಿ, ಹಂಸಲೇಖರ ಸಂಗೀತದೊಡನೆ, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಬಯಲಿಗೆ ಬಂದಿತು. ಸುಮಾರು ಒಂಬತ್ತು ಗಂಟೆಗಳ ನಾಟಕ. ಒಂದಲ್ಲ, ಹಲವು ರಂಗಗಳು. ದೃಶ್ಯ ಬದಲಾದಂತೆ ಪ್ರೇಕ್ಷಕರು ಎದ್ದು ಮುಂದಿನ ರಂಗಕ್ಕೆ ಹೋಗಬೇಕು. ರಾತ್ರಿ ಆರಂಭವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತಿದ್ದ ಈ ನಾಟಕಕ್ಕೆ ಟಿಕೆಟ್ ಇತ್ತು. ಆದರೂ ಜನ ತುಂಬಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೆ ಹೊಂದಿಕೊಂಡ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿಯೂ ಅದು ಅನೇಕ ರಾತ್ರಿಗಳು ನಡೆಯಿತು. ಇಂದಿನ ಜನರಿಗೆ ತಾಳ್ಮೆಯಿಲ್ಲ, ಇಡೀ ರಾತ್ರಿ ಕುಳಿತು ನೋಡುವ ಕಾಲ ಹೋಯಿತು ಎಂದವರಿಗೆ ಅದು ತಕ್ಕ ಉತ್ತರ.

ಸಂಸಾರ ಸಮೇತ ಹೋಗುವಾಗ

ಇಲವಾಲದಿಂದ ಹೊರಟರೆ ಹಿನಕಲ್ ದಾಟಿ, ಒಂದೇ ನೇರ ರಸ್ತೆಯಲ್ಲಿ ಹದಿನೈದು ಕಿಲೋಮೀಟರಿಗೂ ಕಡಿಮೆ ಅಂತರದಲ್ಲಿ ಮಾನಸಗಂಗೋತ್ರಿಯೂ ಕಲಾಮಂದಿರವೂ ಸಿಗುತ್ತವೆ. ದೂರ ದೊಡ್ಡದಲ್ಲ, ಮನಸ್ಸು ಮಾಡುವುದೇ ದೊಡ್ಡದು. ಹೋಗುವವರು ಕೆಲವು ವಿಷಯಗಳನ್ನು ನೆನಪಿನಲ್ಲಿಟ್ಟರೆ ಸಂಜೆ ಸುಖವಾಗಿ ಕಳೆಯುತ್ತದೆ.

ಮೊದಲನೆಯದಾಗಿ, ಎಲ್ಲ ಪ್ರಯೋಗಗಳೂ ಉಚಿತವಲ್ಲ. ರಂಗಾಯಣದ ವಾರಾಂತ್ಯದ ನಾಟಕಗಳಿಗೆ ಟಿಕೆಟ್ ಇರುತ್ತದೆ. ಉತ್ಸವ, ಮಕ್ಕಳ ಪ್ರದರ್ಶನ, ವಿದ್ಯಾರ್ಥಿಗಳ ನಾಟಕಗಳಿಗೆ ಹಲವು ಸಲ ಮುಕ್ತ ಪ್ರವೇಶವಿರುತ್ತದೆ. ದಿನಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣವನ್ನು ಬೆಳಿಗ್ಗೆ ಒಮ್ಮೆ ಕಣ್ಣಾಡಿಸುವ ರೂಢಿ ಇಟ್ಟುಕೊಂಡರೆ ಸಾಕು.

ಎರಡನೆಯದಾಗಿ, ಬಯಲಿಗೆ ಬಯಲಿನ ಸಿದ್ಧತೆ ಬೇಕು. ಕಲ್ಲಿನ ಮೆಟ್ಟಿಲು ಹಗಲ ಬಿಸಿಲಿಗೆ ಕಾದಿರುತ್ತದೆ. ಒಂದು ಚಾಪೆಯೋ ಜಮಖಾನೆಯೋ ಕೈಯಲ್ಲಿರಲಿ. ಬೇಸಿಗೆಯಾದರೂ ಮೈಸೂರಿನ ರಾತ್ರಿ ತಂಪು. ವಯಸ್ಸಾದವರಿಗೆ ಶಾಲು, ಕೂಸುಗಳಿಗೆ ಹೊದಿಕೆ ಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲಿನ ಮಳೆ ಹಠಾತ್ತನೆ ಬರುವುದುಂಟು. ಆಗ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಆಶ್ರಯ ಪಡೆಯಬೇಕು. ನೀರಿನ ಬಾಟಲಿ, ಮನೆಯಲ್ಲೇ ಹುರಿದ ಕಡಲೆಕಾಯಿ, ಒಂದಿಷ್ಟು ಪುರಿ ಕಟ್ಟಿಕೊಂಡರೆ ಮಕ್ಕಳು ಹಸಿವೆಂದು ಅಳುವುದಿಲ್ಲ. ತಂದ ಪೊಟ್ಟಣವನ್ನು ತಿಂದ ಮೇಲೆ ಹಿಂದಕ್ಕೆ ಒಯ್ಯುವುದೂ ನಮ್ಮ ಕರ್ತವ್ಯ.

ಮೂರನೆಯದು, ಮಕ್ಕಳಿಗೆ ಮುಂಚೆಯೇ ಕಥೆ ಹೇಳಿಡಿ. ಕಥೆ ಗೊತ್ತಿದ್ದರೆ ರಸ ಕೆಡುತ್ತದೆಂಬುದು ಸಿನಿಮಾದ ಲೆಕ್ಕಾಚಾರ. ದುರ್ಯೋಧನ ಸೋಲುತ್ತಾನೆಂದು ಗೊತ್ತಿದ್ದೇ ನಮ್ಮ ಜನ ಇಡೀ ರಾತ್ರಿ ಕುರುಕ್ಷೇತ್ರ ನೋಡುತ್ತಿದ್ದರು. ಏನಾಗುತ್ತದೆ ಎಂಬ ಕುತೂಹಲ ತಣಿದ ಮೇಲೆ ಹೇಗಾಗುತ್ತದೆ, ಏಕಾಗುತ್ತದೆ ಎಂಬ ವಿಚಾರ ಹುಟ್ಟುತ್ತದೆ. ನಾಟಕ ಮುಗಿಸಿ ಬಂದ ಮರುದಿನ ಊಟದ ಹೊತ್ತಿನಲ್ಲಿ, ನಿನಗೆ ಯಾವ ಪಾತ್ರ ಹಿಡಿಸಿತು, ಅವನು ಮಾಡಿದ್ದು ಸರಿಯೇ ಎಂದು ಕೇಳಿ ನೋಡಿ. ಮಕ್ಕಳು ಆಡುವ ಮಾತು ಹಿರಿಯರನ್ನು ಬೆರಗುಗೊಳಿಸುತ್ತದೆ.

ನಾಲ್ಕನೆಯದು, ಮನೆಯ ಅಜ್ಜಿಯನ್ನು ಬಿಟ್ಟು ಹೋಗಬೇಡಿ. ಅವರ ಕಾಲದಲ್ಲಿ ಬೇಡರ ಕಣ್ಣಪ್ಪನನ್ನೂ ಹೇಮರೆಡ್ಡಿ ಮಲ್ಲಮ್ಮನನ್ನೂ ಟೆಂಟಿನಲ್ಲಿಯೋ ಜಾತ್ರೆಯಲ್ಲಿಯೋ ಕಂಡು ಕಣ್ಣೀರು ಸುರಿಸಿದ ನೆನಪು ಅವರಿಗಿರುತ್ತದೆ. ಸೊಸೆಯರು, ಹೆಣ್ಣುಮಕ್ಕಳು ಮನೆಗೆಲಸದ ನೆಪದಲ್ಲಿ ಹಿಂದುಳಿಯದಂತೆ ಆ ದಿನದ ರಾತ್ರಿಯ ಅಡುಗೆಯನ್ನು ಹಗುರಗೊಳಿಸುವ ಜವಾಬ್ದಾರಿ ಗಂಡಸರದು. ಮೊಸರನ್ನದ ಬುತ್ತಿಯೊಂದಿದ್ದರೆ ಒಲೆಗೆ ಬಿಡುವು, ಮನೆಯಾಕೆಗೂ ಬಿಡುವು.

ಕೊನೆಯದಾಗಿ, ನಾಟಕ ನಡೆಯುತ್ತಿರುವಾಗ ಮೊಬೈಲ್ ಫೋನನ್ನು ಮುಚ್ಚಿಡಿ. ಹಣ ಕೊಡದೆ ಬಂದವರು ಯಾವಾಗ ಬೇಕಾದರೂ ಎದ್ದು ಹೋಗಬಹುದು, ಎಷ್ಟು ಬೇಕಾದರೂ ಮಾತಾಡಬಹುದು ಎಂಬ ಭಾವನೆ ಕೆಲವರಲ್ಲಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತು ಅನ್ನ ಚೆಲ್ಲುವುದಕ್ಕೂ ಇದಕ್ಕೂ ಭೇದವಿಲ್ಲ. ಉಚಿತ ನಾಟಕದಲ್ಲಿ ಪ್ರೇಕ್ಷಕ ಕೊಡಬೇಕಾದ ಕಾಣಿಕೆ ಒಂದೇ. ಅದು ಅವನ ಏಕಾಗ್ರತೆ. ಅದನ್ನೂ ಕೊಡದಿದ್ದರೆ ಕಲಾವಿದನಿಗೆ ದಕ್ಕುವುದೇನು?

ಬಯಲು ಉಳಿಯಬೇಕಾದರೆ

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹಳ್ಳಿಯ ಕಣ ಹೋಯಿತೆಂದು ನಾವು ಮರುಗುತ್ತೇವೆ. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಬಳಸುವವರಿಲ್ಲದೆ ಹೋಯಿತು. ಬಳಸದ ಬಯಲು ಬಹುಕಾಲ ಬಯಲಾಗಿ ಉಳಿಯುವುದಿಲ್ಲ. ಅದಕ್ಕೆ ಬೇಲಿ ಬೀಳುತ್ತದೆ, ಕಟ್ಟಡ ಏಳುತ್ತದೆ, ವಾಹನ ನಿಲ್ಲಿಸುವ ಜಾಗವಾಗುತ್ತದೆ. ವಿಶ್ವವಿದ್ಯಾಲಯದ ರಂಗಕ್ಕೂ ನಗರದ ರಂಗಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಮೆಟ್ಟಿಲುಗಳ ಮೇಲೆ ಜನ ಕುಳಿತಷ್ಟು ಕಾಲ ಮಾತ್ರ ಅದು ರಂಗಮಂದಿರ.

ಆದುದರಿಂದ ನಮ್ಮ ಸಂಘಸಂಸ್ಥೆಗಳು, ಅಕ್ಕನ ಬಳಗಗಳು, ಬಡಾವಣೆಯ ಸಮಿತಿಗಳು ಬಸವ ಜಯಂತಿಯ ಸುಮಾರಿಗೆ ಒಂದು ಸಂಜೆಯನ್ನಾದರೂ ಬಯಲು ನಾಟಕಕ್ಕೆ ಮೀಸಲಿಡಲಿ. ಬಸವ ಜಯಂತಿ ಬರುವುದೂ ವೈಶಾಖದ ಬೇಸಿಗೆಯಲ್ಲಿಯೇ. ದೊಡ್ಡ ವೇದಿಕೆ, ಹೂವಿನ ಅಲಂಕಾರ, ಹಾರ ತುರಾಯಿಗಳಿಗೆ ವ್ಯಯವಾಗುವ ಹಣದಲ್ಲಿ ಒಂದು ಪಾಲು ಸಾಕು, ಕಾಲೇಜಿನ ಮಕ್ಕಳ ತಂಡವೊಂದನ್ನು ಕರೆಸಿ ಉದ್ಯಾನದಲ್ಲಿಯೋ ಶಾಲೆಯ ಅಂಗಳದಲ್ಲಿಯೋ ಆಡಿಸಲು. ವಿಶ್ವವಿದ್ಯಾಲಯದವರೂ ತಮ್ಮ ಬಯಲು ರಂಗಮಂದಿರದಲ್ಲಿ ಬೇಸಿಗೆಯ ಕೆಲವು ವಾರಾಂತ್ಯಗಳನ್ನು ಉಚಿತ ನಾಟಕಗಳಿಗೆ ಗೊತ್ತುಮಾಡಿ, ಸುತ್ತಲಿನ ಊರುಗಳಿಗೆ ತಿಳಿಯಪಡಿಸಿದರೆ ಕುವೆಂಪು ಇಟ್ಟ ಹೆಸರು ಸಾರ್ಥಕವಾದೀತು. ಗಂಗೋತ್ರಿಯೆಂದರೆ ಹರಿದು ಊರಿಗೆ ಬರುವ ನೀರಿನ ಮೂಲ. ಅದು ಬೆಟ್ಟದ ಮೇಲೆಯೇ ನಿಂತರೆ ಗಂಗೆಯಾಗದು.

ಊರಿಂದ ಹೋಗಿ ಬರಲು ಬಸ್ಸಿನ ವೇಳೆ ತೊಡಕಾದರೆ ನಾಲ್ಕು ಮನೆಯವರು ಸೇರಿ ಒಂದು ವಾಹನ ಮಾಡಿಕೊಳ್ಳಬಹುದು. ಹಿಂದೆ ಎತ್ತಿನಗಾಡಿಗೆ ಹುಲ್ಲು ಹಾಸಿ, ನೆರೆಮನೆಯ ಮಕ್ಕಳನ್ನೂ ಹತ್ತಿಸಿಕೊಂಡು ಆಟಕ್ಕೆ ಹೋಗುತ್ತಿದ್ದರು. ಇಂದು ಬದಲಾಗಿರುವುದು ಗಾಡಿ ಮಾತ್ರ. ನೆರೆಹೊರೆಯವರನ್ನು ಜೊತೆಗೆ ಕರೆದೊಯ್ಯುವ ಮನಸ್ಸು ಬದಲಾಗಬೇಕಾದ ಕಾರಣವಿಲ್ಲ.

ಓದುಗ ಬಂಧುಗಳೇ, ಈ ಬೇಸಿಗೆಯಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ತೆಗೆದಿಡಿ. ಖರ್ಚು ಇಲ್ಲ, ಶ್ರಮ ಅಲ್ಪ. ಮಕ್ಕಳು ದೊಡ್ಡವರಾದ ಮೇಲೆ ತಾವು ಆ ವರ್ಷ ಪರದೆಯ ಮೇಲೆ ಕಂಡ ನೂರಾರು ಚಿತ್ರಗಳನ್ನು ಮರೆತರೂ, ತಂದೆತಾಯಿಯರ ನಡುವೆ ಚಾಪೆಯ ಮೇಲೆ ಕುಳಿತು, ತಲೆಯ ಮೇಲೆ ನಕ್ಷತ್ರಗಳಿರುವಾಗ ಕಂಡ ಒಂದು ನಾಟಕವನ್ನು ಮರೆಯಲಾರರು.